ಪಂಚೆಯ ಮೇಲೊಂದು ಚರ್ಮದ ಜಾಕೆಟ್

ಪಂಚೆಯ ಮೇಲೆ ಚರ್ಮದ ಜಾಕೆಟ್ ಎಂದೊಡನೆ ನಗು ಬರುವುದೇಕೆ? ಈ ಚಳಿಗಾಲಕ್ಕೆ ಒಂದು ಒಳ್ಳೆಯ ಚರ್ಮದ ಜಾಕೆಟ್ ಕೊಳ್ಳಬೇಕು, ಅದನ್ನು ದಿನನಿತ್ಯದ ಪಂಚೆಯ ಮೇಲೆಯೇ ತೊಡಬೇಕು ಎಂದು ನಿರ್ಧರಿಸಿದಂದಿನಿಂದ ಈ ನಗೆಯನ್ನು ಮೂಡಿಗೆರೆ ಪೇಟೆಯಲ್ಲಿಯೂ ಚಿಕ್ಕಮಗಳೂರಿನ ಬಂಧುಗಳ ಮನೆಯಲ್ಲಿಯೂ ಕಂಡಿದ್ದೇನೆ. ನಕ್ಕವರಾರೂ ಕೆಟ್ಟವರಲ್ಲ. ಪ್ಯಾಂಟಿನ ಮೇಲಾದರೆ ಅದೇ ಜಾಕೆಟ್ ಅವರಿಗೆ ಗತ್ತಾಗಿ ಕಾಣುತ್ತದೆ, ಪಂಚೆಯ ಮೇಲಾದರೆ ವೇಷವಾಗಿ ಕಾಣುತ್ತದೆ. ಹಾಗಾದರೆ ಅವರು ನಗುತ್ತಿರುವುದು ಜಾಕೆಟ್ಟನ್ನು ಕಂಡೋ, ಪಂಚೆಯನ್ನು ಕಂಡೋ?

ಕಚ್ಚೆ ಪಂಚೆ, ಮೇಲೆ ಕೋಟು, ತಲೆಗೆ ರುಮಾಲು ಅಥವಾ ಟೋಪಿ. ಹಳೆಯ ಮೈಸೂರು ಸಂಸ್ಥಾನದ ಮೇಷ್ಟರು, ವಕೀಲರು, ಶಾನುಭೋಗರು, ಅಮಲ್ದಾರರು ಹೀಗೆಯೇ ಓಡಾಡಿದರು. ಮಲೆನಾಡಿನ ಜಮೀನ್ದಾರರ ಮನೆಗಳ ಗೋಡೆಯ ಮೇಲಿನ ಹಳೆಯ ಭಾವಚಿತ್ರಗಳಲ್ಲಿ ಇಂದಿಗೂ ಈ ಉಡುಪು ನಮ್ಮನ್ನು ನೋಡುತ್ತಿದೆ. ನಾವು ಇದನ್ನು ಅಪ್ಪಟ ದೇಶೀ ಉಡುಪೆಂದು ಗೌರವಿಸುತ್ತೇವೆ. ಆದರೆ ಕೋಟು ಬಂದದ್ದು ಇಂಗ್ಲಿಷರಿಂದ, ಅದರ ಹೆಸರೂ ಅವರದೇ. ಸೊಂಟದ ಮೇಲಕ್ಕೆ ಅವರದು, ಕೆಳಕ್ಕೆ ನಮ್ಮದು ಎಂಬ ಈ ಸಂಧಾನವನ್ನು ಹಿರಿಯರು ಯಾವ ಮುಜುಗರವೂ ಇಲ್ಲದೆ ಮಾಡಿಕೊಂಡರು. ಅಂದು ಕೋಟಿಗೆ ಸಂದ ಮಾನ್ಯತೆ ಇಂದು ಜಾಕೆಟ್ಟಿಗೆ ಸಲ್ಲಬಾರದೆಂಬ ನಿಯಮವೇನೂ ಇಲ್ಲ.

ಇದೇ ಪ್ರಶ್ನೆಯನ್ನು ಬಹಳ ಹಿಂದೆಯೇ ಎದುರಿಸಿ ಗೆದ್ದವರು ಸ್ಕಾಟ್ಲೆಂಡಿನವರು. ಆ ನಾಡು ನಮ್ಮ ಗುಡ್ಡಗಳಿಗೆ ಅಪರಿಚಿತವೂ ಅಲ್ಲ. ಸ್ಕಾಟ್ಲೆಂಡಿನ ಆರ್. ಎಚ್. ಎಲಿಯಟ್ ನಮಗೆ ಹೊಂದಿಕೊಂಡ ಮಂಜರಾಬಾದ್ ಸೀಮೆಯಲ್ಲಿ ಕಾಫಿ ತೋಟ ಮಾಡಿ, ಆ ಅನುಭವವನ್ನು 1871ರಲ್ಲಿ ಒಂದು, 1894ರಲ್ಲಿ ಮತ್ತೊಂದು ಪುಸ್ತಕವಾಗಿ ಪ್ರಕಟಿಸಿದ. ಅವನ ನಾಡಿನ ಗಂಡಸರ ಉಡುಪು ಕಿಲ್ಟ್. ಚೌಕುಳಿಯ ಉಣ್ಣೆ ಬಟ್ಟೆಯನ್ನು, ವಾಡಿಕೆಯ ಲೆಕ್ಕದಲ್ಲಿ 8 ಗಜ, ಹಿಂಬದಿಗೆ ನೆರಿಗೆ ಹಿಡಿದು ಸೊಂಟಕ್ಕೆ ಸುತ್ತುವ, ಮೊಣಕಾಲಿನವರೆಗಿನ ಉಡುಗೆ ಅದು. ದಂಗೆಯೆದ್ದ ಮಲೆನಾಡಿಗರನ್ನು ಕಲೊಡೆನ್ ಕಾಳಗದಲ್ಲಿ ಸದೆಬಡಿದ ಬ್ರಿಟಿಷ್ ಸರ್ಕಾರ 1746ರಲ್ಲಿ ಕಾನೂನು ತಂದು ಈ ಉಡುಪನ್ನೇ ನಿಷೇಧಿಸಿತು. ಮೊದಲ ಸಲ ತೊಟ್ಟು ಸಿಕ್ಕಿಬಿದ್ದವನಿಗೆ ಆರು ತಿಂಗಳ ಸೆರೆವಾಸ, ಎರಡನೆಯ ಸಲಕ್ಕೆ ಏಳು ವರ್ಷಗಳ ಗಡೀಪಾರು. ಸೈನ್ಯಕ್ಕೆ ಸೇರಿದವರಿಗೆ ಮಾತ್ರ ವಿನಾಯಿತಿ. 1782ರಲ್ಲಿ ನಿಷೇಧ ರದ್ದಾಯಿತು. 1822ರಲ್ಲಿ ದೊರೆ ನಾಲ್ಕನೆಯ ಜಾರ್ಜ್ ಎಡಿನ್‌ಬರೋಗೆ ಬಂದಾಗ, ಕಾದಂಬರಿಕಾರ ವಾಲ್ಟರ್ ಸ್ಕಾಟನ ಏರ್ಪಾಡಿನಂತೆ, ತಾನೇ ಕಿಲ್ಟ್ ತೊಟ್ಟು ಕಾಣಿಸಿಕೊಂಡ. ಇದರಲ್ಲಿ ನಾಟಕದ ಅಂಶ ಬಹಳವಿತ್ತೆಂದು ಇತಿಹಾಸಕಾರರು ಬರೆದಿದ್ದಾರೆ. ಇರಲಿ, ಉಡುಪು ಉಳಿಯಿತು.

ಹೇಗೆ ಉಳಿಯಿತೆಂಬುದನ್ನು ನಾವು ಗಮನಿಸಬೇಕು. ಕಾಲಕ್ಕೆ ತಕ್ಕಂತೆ ಅವರು ಬದಲಿಸಿದ್ದು ಮೇಲಿನ ಅಂಗಿಯನ್ನು. ಸಂಜೆಯ ಔತಣಕ್ಕೆ ಬೆಳ್ಳಿ ಗುಂಡಿಗಳ ಕರಿಯ ಕೋಟು, ಹಗಲಿಗೆ ಒರಟು ಉಣ್ಣೆಯ ಟ್ವೀಡ್ ಕೋಟು, ಮಳೆಚಳಿಗೆ ಸ್ವೆಟರ್. ಈಗಿನ ತರುಣರಲ್ಲಿ ಕಿಲ್ಟಿನ ಮೇಲೆ ಚರ್ಮದ ಜಾಕೆಟ್ ತೊಡುವವರೂ ಇದ್ದಾರೆ. ಆದ್ದರಿಂದಲೇ ಅಲ್ಲಿ ಮದುಮಗ ಕಿಲ್ಟಿನಲ್ಲಿ ನಿಂತರೆ ಅದು ಅತ್ಯಂತ ಗೌರವದ ಉಡುಪು. ದೂರ ಹೋಗುವುದೂ ಬೇಡ. ನೆರೆಯ ಕೊಡಗಿನಲ್ಲಿ ಕುಪ್ಯ ತೊಟ್ಟು, ಚೇಲೆ ಬಿಗಿದು, ಪೀಚೆಕತ್ತಿ ಸಿಕ್ಕಿಸಿಕೊಂಡ ಮದುಮಗನನ್ನು ಕಂಡು ಯಾರು ನಗುತ್ತಾರೆ?

ನಮ್ಮ ಪಂಚೆಯನ್ನು ಯಾವ ಸರ್ಕಾರವೂ ನಿಷೇಧಿಸಲಿಲ್ಲ. ನಾವೇ ಅದನ್ನು ಮದುವೆ, ಪೂಜೆ ಹಾಗೂ ಚುನಾವಣಾ ಪ್ರಚಾರಕ್ಕೆ ಬಿಟ್ಟುಕೊಟ್ಟು ಉಳಿದೆಡೆಯಿಂದ ಹೊರಗಟ್ಟಿದೆವು. 2014ರಲ್ಲಿ ಚೆನ್ನೈನ ಕ್ಲಬ್ಬೊಂದು ವೇಷ್ಟಿ ಉಟ್ಟು ಬಂದ ಹೈಕೋರ್ಟ್ ನ್ಯಾಯಮೂರ್ತಿಯೊಬ್ಬರನ್ನು ಒಳಗೆ ಬಿಡಲಿಲ್ಲ. ಅದೇ ವರ್ಷ ತಮಿಳುನಾಡು ಶಾಸನಸಭೆ ಇಂಥ ನಿರ್ಬಂಧವನ್ನು ತೊಡೆದುಹಾಕುವ ಕಾಯ್ದೆ ಮಾಡಿತು. 2024ರ ಜುಲೈನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಮಾಲೊಂದಕ್ಕೆ ಮಗನೊಡನೆ ಸಿನಿಮಾ ನೋಡಲು ಬಂದ ಹಾವೇರಿ ಕಡೆಯ ವೃದ್ಧ ರೈತರನ್ನು ಪಂಚೆಯ ಕಾರಣಕ್ಕೆ ತಡೆಯಲಾಯಿತು. ಸರ್ಕಾರ ಆ ಮಾಲನ್ನು ಏಳು ದಿನ ಮುಚ್ಚಿಸಿತು. ಎರಡೂ ಕ್ರಮಗಳು ಸರಿಯೇ. ಆದರೆ ಕಾನೂನು ಬಾಗಿಲನ್ನು ತೆರೆಯಿಸಬಲ್ಲದೇ ಹೊರತು ಒಳಗಿರುವವರ ದೃಷ್ಟಿಯನ್ನು ಬದಲಿಸಲಾರದು. ಅನ್ಯರ ಮಾತೇಕೆ, ಬಿಳಿಯ ತೋಟಗಾರರು ಬಿಟ್ಟುಹೋದ ನಿಯಮಗಳನ್ನು ನಮ್ಮ ಕಾಫಿ ಸೀಮೆಯಲ್ಲಿಯೇ ಭಕ್ತಿಯಿಂದ ಪಾಲಿಸುವವರಿದ್ದಾರೆ. ಪಂಚೆಯಲ್ಲಿ ಹೋದ ನನಗೂ ಒಂದೆಡೆ ಹೊರಗಿನ ಜಗುಲಿಯಲ್ಲಿಯೇ ಕಾಫಿ ಬಂತು. ಅದು ನಮ್ಮ ಗಿಡದ್ದೇ ಕಾಫಿ!

ಇನ್ನು ಪ್ರಾಯೋಗಿಕ ಮಾತು. ಕಳಸ, ಮೂಡಿಗೆರೆಯ ಕಡೆ ಡಿಸೆಂಬರ್, ಜನವರಿಯ ಮುಂಜಾವು ಕಾಫಿ ಕೊಯ್ಲಿನ ಹೊತ್ತು. ಮಂಜು, ಇಬ್ಬನಿ, ಗಾಳಿ. ಮಳೆಗಾಲಕ್ಕೆ ಹಿಂದಿನವರಿಗೆ ಕಂಬಳಿ ಕೊಪ್ಪೆಯಿತ್ತು, ಗೊರಬು ಇತ್ತು. ಈಗ ಆ ಜಾಗಕ್ಕೆ ಪ್ಲಾಸ್ಟಿಕ್ ಬಂದಿದೆ. ಚಳಿಗಾಲದ ಗಾಳಿಗೆ ಚರ್ಮದಂಥ ತಡೆ ಬೇರೊಂದಿಲ್ಲ. ಆದರೆ ಕಿಲ್ಟಿಗಾಗಲಿ ಪಂಚೆಗಾಗಲಿ ಜಾಕೆಟ್ ಸೊಂಟದಲ್ಲಿಯೇ ನಿಲ್ಲುವಂತಿರಬೇಕು. ಅದು ಕೆಳಗಿಳಿದರೆ ನೆರಿಗೆಯನ್ನು ಒತ್ತುತ್ತದೆ, ಪಂಚೆಯ ಗಂಟಿನ ಮೇಲೆ ಉಬ್ಬುತ್ತದೆ, ಪಂಚೆಯನ್ನು ಎತ್ತಿ ಕಟ್ಟಲು ಅಡ್ಡಿಯಾಗುತ್ತದೆ. ಕಿಲ್ಟಿನ ಕೋಟನ್ನು ಮಾಮೂಲಿ ಕೋಟಿಗಿಂತ ಗಿಡ್ಡವಾಗಿ ಕತ್ತರಿಸುವುದು ಈ ಕಾರಣಕ್ಕೇ. ಅಳತೆ ನೋಡುವಾಗ ಪಂಚೆ ಉಟ್ಟೇ ಅಂಗಡಿಗೆ ಹೋಗಬೇಕು. ಬಣ್ಣ ಕಂದು ಅಥವಾ ಕಪ್ಪು, ಹೊಳಪು ಕಡಿಮೆ, ಅಲಂಕಾರದ ಜಿಪ್ಪುಗಳು ಬೇಡ. ಬಿಳಿಯ ಪಂಚೆಯೇ ಸಾಕಷ್ಟು ಮಾತಾಡುತ್ತದೆ. ಬೈಕ್ ಓಡಿಸಲು ಮಾತ್ರ ಪ್ಯಾಂಟೇ ಲೇಸು, ಚಕ್ರಕ್ಕೆ ಸಂಪ್ರದಾಯದ ಮರ್ಯಾದೆ ತಿಳಿಯದು.

ಅಗ್ಗದ ಮೋಹ ಇಲ್ಲಿ ಸಲ್ಲದು. ಚರ್ಮದಂತೆ ಕಾಣುವ ರೆಕ್ಸಿನ್ನಿನ ಮೇಲ್ಪದರ ನಮ್ಮ ಮಳೆಗಾಲದ ತೇವಕ್ಕೆ ಬಿರಿದು ಪಕಳೆ ಪಕಳೆಯಾಗಿ ಉದುರುತ್ತದೆ. ಅಸಲಿ ಚರ್ಮದ ಒಳಬದಿಯಲ್ಲಿ, ಕತ್ತರಿಸಿದ ಅಂಚಿನಲ್ಲಿ ನಾರು ಕಾಣುತ್ತದೆ, ಮೇಲ್ಮೈಯ ರಂಧ್ರಗಳು ಒಂದೇ ಸಮನಾಗಿರುವುದಿಲ್ಲ. ಕುರಿಯ ಚರ್ಮ ಮೃದು, ಹಗುರ. ಮೇಕೆಯದು ಬಾಳಿಕೆಗೆ ಮೇಲು. ಕೊಂಡ ಮೇಲೂ ಎಚ್ಚರ ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಬೀರುಗಳಲ್ಲಿ ಬೂಷ್ಟು ಹಿಡಿಯದ ವಸ್ತುವಿಲ್ಲ. ಜಾಕೆಟ್ಟನ್ನು ಪ್ಲಾಸ್ಟಿಕ್ ಚೀಲಕ್ಕೆ ತುರುಕದೆ ಹತ್ತಿಬಟ್ಟೆಯ ಮುಸುಕು ಹಾಕಿ ತೂಗುಬಿಡಬೇಕು. ಆಗಾಗ ಒರೆಸಿ ನೆರಳಿನಲ್ಲಿ ಗಾಳಿಗೊಡ್ಡಬೇಕು. ಒಲೆಯ ಕಾವಿಗಿಟ್ಟರೆ ಚರ್ಮ ಬಿರಿಯುತ್ತದೆ.

ಇಷ್ಟು ಹೇಳಿದ ಮೇಲೆ ಉಳಿಯುವುದು ಕಷ್ಟದ ಮಾತು. ಕಂಬಳಿಗೆ ಮೈಲಿಗೆಯಿಲ್ಲ ಎನ್ನುತ್ತದೆ ನಮ್ಮ ಸಮಾಜ. ಚರ್ಮಕ್ಕೆ ಉಂಟು. ಜಾಕೆಟ್ ಕಂಡು ನಕ್ಕ ಹಿರಿಯರೊಬ್ಬರು, ಮಡಿಯ ಪಂಚೆಯ ಮೇಲೆ ತೊಗಲೇ ಎಂದು ಕೇಳಿದ್ದರು. ಕಾಲಿನ ಚಪ್ಪಲಿಗೆ, ಸೊಂಟದ ಬೆಲ್ಟಿಗೆ, ಕೈಯಲ್ಲಿನ ಪರ್ಸಿಗೆ ಇಲ್ಲದ ಆಕ್ಷೇಪ ಎದೆಯ ಮೇಲೇರಿದಾಗ ಮಾತ್ರ ಏಳುತ್ತದೆ. ತಂಗಡಿಯ ತೊಗಟೆ, ಅಳಲೆಕಾಯಿಗಳಿಂದ ಚರ್ಮ ಹದ ಮಾಡುವ ವಿದ್ಯೆಯನ್ನು ತಲೆತಲಾಂತರದಿಂದ ಕಾಪಾಡಿದವರನ್ನು ನಾವು ಊರ ಹೊರಗಿರಿಸಿದೆವು. ಅವರು ಮಾಡಿದ ಪಾದರಕ್ಷೆಯನ್ನು ಮಾತ್ರ ಮನೆಯ ಬಾಗಿಲವರೆಗೆ ತಂದೆವು. ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳ ಕುಶಲಕರ್ಮಿಗಳಿಗೂ ಸಲ್ಲುವ ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಅದನ್ನೇ ಹೋಲುವ ಚಪ್ಪಲಿಯನ್ನು ಮಿಲಾನ್‌ನಲ್ಲಿ ಪ್ರದರ್ಶಿಸಿದಾಗ ಅಥಣಿ, ನಿಪ್ಪಾಣಿಗಳ ಹೆಸರು ನಮಗೆ ನೆನಪಾಯಿತು. ಟೀಕೆಯ ಬಳಿಕವಷ್ಟೇ ಆ ಕಂಪನಿ ಭಾರತೀಯ ಕರಕುಶಲತೆಯ ಋಣವನ್ನು ಒಪ್ಪಿಕೊಂಡಿತು. ನಮ್ಮವರ ಕೈಗೆಲಸದ ಬೆಲೆ ಪರದೇಶದ ಬೆಳಕಿನಲ್ಲಿಯೇ ನಮಗೆ ಕಾಣಬೇಕೆ?

ಲಿಡ್ಕರ್ ಎಂದೇ ಪರಿಚಿತವಾದ ರಾಜ್ಯದ ಚರ್ಮ ಕೈಗಾರಿಕಾ ಅಭಿವೃದ್ಧಿ ನಿಗಮ 1976ರಿಂದಲೂ ಇದೆ. ಅದರ ಮಳಿಗೆಗೆ ನಮ್ಮಲ್ಲಿ ಎಷ್ಟು ಮಂದಿ ಕಾಲಿಟ್ಟಿದ್ದೇವೆ? ಒಳ್ಳೆಯ ಜಾಕೆಟ್ಟಿಗೆ ತಕ್ಕ ಬೆಲೆ ತೆರುವುದು ದುಂದು ಎನಿಸಬಹುದು. ಆದರೆ ಎರಡು ವರ್ಷಕ್ಕೊಂದರಂತೆ ಬಿಸಾಡುವ ಅಗ್ಗದ ಮಾಲಿಗಿಂತ ಎರಡು ದಶಕ ಬಾಳುವ, ಹೊಲಿದ ಕೈಗೆ ನ್ಯಾಯವಾದ ಕೂಲಿ ಮುಟ್ಟಿಸುವ ಉಡುಪು ಮಿತವ್ಯಯವೇ ಸರಿ. ಚರ್ಮ ಒಲ್ಲದವರ ಆಕ್ಷೇಪ ಪ್ರಾಣಿದಯೆಯದಾದರೆ ಅದನ್ನು ಗೌರವಿಸುತ್ತೇನೆ. ಅವರಿಗೆ ಚಳ್ಳಕೆರೆಯ ಕಂಬಳಿಯಿದೆ. ಅದರಿಂದ ಗಿಡ್ಡನೆಯ ಕೋಟೊಂದನ್ನು ಹೊಲಿಸಿಕೊಂಡರೆ ಟ್ವೀಡಿಗೆ ಅದೇನೂ ಸೋಲದು.

ಪಂಚೆಯನ್ನು ಉಳಿಸಬೇಕೆಂದು ಭಾಷಣ ಮಾಡುವವರು ಅದನ್ನು ಹಬ್ಬದ ದಿನಕ್ಕೆ ಮಡಿಸಿಡುತ್ತಾರೆ. ಪೆಟ್ಟಿಗೆಯಲ್ಲಿಟ್ಟ ಉಡುಪಿಗೆ ಬೂಷ್ಟು ಖಚಿತ. ಚಳಿಗೆ, ಕೆಲಸಕ್ಕೆ, ಸಂತೆಗೆ, ಸಭೆಗೆ ಒದಗುವಂತೆ ಅದರ ಜೊತೆಗಾರನನ್ನು ಹುಡುಕಿಕೊಡಬೇಕು. ಹಿರಿಯರು ಕೋಟನ್ನು ಕೊಟ್ಟರು. ನಮ್ಮ ಕಾಲ ಜಾಕೆಟ್ಟನ್ನು ಕೊಡಲಿ. ನಮ್ಮ ಕ್ಲಬ್ಬುಗಳೂ ಉಡುಪಿನ ನಿಯಮದಲ್ಲಿ ಪ್ಯಾಂಟೆಂಬ ಮಾತನ್ನು ಹೊಡೆದುಹಾಕಿ ಶುಭ್ರವಾದ ಉಡುಪು ಎಂದಷ್ಟೇ ಬರೆದುಕೊಳ್ಳಲಿ. ಅದಕ್ಕೆ ಶಾಸನಸಭೆಯ ಕಾಯ್ದೆ ಬೇಕಾಗಿಲ್ಲ, ಮುಂದಿನ ವಾರ್ಷಿಕ ಸಭೆಯ ಒಂದು ನಿರ್ಣಯ ಸಾಕು.