ಕಲ್ಲಿಗಿಲ್ಲದ ಗಡಿ ಕಾಗದಕ್ಕೇಕೆ?

ಕೇಂದ್ರ ಸರ್ಕಾರದ ಸೇವೆಯಲ್ಲಿರುವ ನಮಗೆ ವರ್ಗಾವಣೆ ಹೊಸದಲ್ಲ. ನಾಸಿಕದಿಂದ ಛತ್ರಪತಿ ಸಂಭಾಜಿನಗರಕ್ಕೆ ಬಂದಾಗ ಹುದ್ದೆ, ವೇತನಶ್ರೇಣಿ, ಸೇವಾ ಪುಸ್ತಕ ಎಲ್ಲವೂ ನಮ್ಮ ಹಿಂದೆಯೇ ಬಂದವು. ಎಂದೋ ಪಡೆದ ಇಂಗ್ಲಿಷ್ ಎಂ.ಎ. ಪದವಿಯನ್ನು ಯಾರೂ ಮತ್ತೊಮ್ಮೆ ತೂಗಿ ನೋಡಲಿಲ್ಲ. ವಿದ್ಯೆಯೆಂಬುದು ಮನುಷ್ಯನ ಜೊತೆಯಲ್ಲೇ ಊರಿಂದೂರಿಗೆ ನಡೆದುಬರುತ್ತದೆಂದು ನಾವು ನಂಬಿದ್ದು ಹೀಗೆ. ಆ ನಂಬಿಕೆಯನ್ನು ಅಲುಗಿಸಿದವರು ವಿಜಯಪುರದ ಭೂವಿಜ್ಞಾನಿ ಮಿತ್ರರೊಬ್ಬರು.

ಮಡದಿಯ ನೌಕರಿಯ ನಿಮಿತ್ತ ಅವರು ಈ ಊರಿಗೆ ಬಂದರು. ವಿಜಯಪುರದ ಸುತ್ತ ಹಲವು ವರ್ಷ ಕಲ್ಲು ಕ್ವಾರಿಗಳಿಗೆ ಗಣಿ ಯೋಜನೆ ಸಿದ್ಧಪಡಿಸಿಕೊಟ್ಟ ಅನುಭವಿ. ಇಲ್ಲಿ ಒಬ್ಬ ಕ್ವಾರಿ ಮಾಲೀಕರು ಕೆಲಸ ಒಪ್ಪಿಸಲು ಸಿದ್ಧರಾದರು. ಆದರೆ ಕಚೇರಿಯೊಂದರಲ್ಲಿ ಕೇಳಿದ ಮೊದಲ ಪ್ರಶ್ನೆ, 'ನಿಮ್ಮ ಹೆಸರು ಈ ರಾಜ್ಯದ ಪಟ್ಟಿಯಲ್ಲಿದೆಯೇ?' ಎಂಬುದು. ಅರ್ಜಿ, ಅನುಭವದ ಪತ್ರ, ಆ ಪತ್ರಕ್ಕೊಂದು ದೃಢೀಕರಣ ಎಂದು ತಿಂಗಳುಗಳು ಉರುಳಿದವು; ಕೆಲಸ ಬೇರೆಯವರ ಪಾಲಾಯಿತು. ಮಿತ್ರರು ಬೇಸರವಿಲ್ಲದೆ ನಕ್ಕು ಹೇಳಿದ್ದಿಷ್ಟು: "ಕಲ್ಲು ಅದ ಐತ್ರಿ ಸರ, ಕಾಗದ ಅಷ್ಟ ಬ್ಯಾರೆ."

ಆ ಮಾತು ಅಕ್ಷರಶಃ ನಿಜ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪದರ ಪದರವಾಗಿ ಹರಿದು ಹೆಪ್ಪುಗಟ್ಟಿದ ಲಾವಾರಸದಿಂದ ದಖನ್ನಿನ ಕಪ್ಪು ಬಸಾಲ್ಟ್ ಶಿಲೆ ಆಯಿತು. ನಾಸಿಕ ನಿಂತಿರುವುದು ಅದರ ಮೇಲೆ, ಸಂಭಾಜಿನಗರ ನಿಂತಿರುವುದೂ ಅದರ ಮೇಲೆಯೇ. ಅದು ಮಹಾರಾಷ್ಟ್ರದ ಗಡಿಯಲ್ಲಿ ನಿಲ್ಲದೆ ಬೀದರ, ಕಲಬುರಗಿ, ವಿಜಯಪುರ, ಬೆಳಗಾವಿಗಳವರೆಗೂ ಚಾಚಿದೆ. ದಕ್ಷಿಣ ಕರ್ನಾಟಕದ ನೆಲವಾದರೋ ಅದಕ್ಕಿಂತ ಎಷ್ಟೋ ಪಾಲು ಹಳೆಯದಾದ ಗ್ರಾನೈಟ್ ಮತ್ತು ನೈಸ್ ಶಿಲೆಗಳದು. ಅಂದರೆ ಕೋಲಾರದ ಗ್ರಾನೈಟಿನಲ್ಲಿ ಪಳಗಿದವರು ವಿಜಯಪುರದ ಬಸಾಲ್ಟಿಗೆ ಬಂದರೆ ರಾಜ್ಯ ಒಂದೇ, ತಕರಾರಿಲ್ಲ. ವಿಜಯಪುರದ ಬಸಾಲ್ಟಿನಲ್ಲಿ ಪಳಗಿದವರು ಪಕ್ಕದ ಸೊಲ್ಲಾಪುರದ ಬಸಾಲ್ಟಿಗೆ ಕಾಲಿಟ್ಟರೆ ಪರಕೀಯರು! ನಕ್ಷೆಯ ಗೆರೆಯನ್ನು ಶಿಲೆಯ ಗೆರೆಯೆಂದು ಭ್ರಮಿಸಿದ ಫಲವಿದು.

ಇದರ ಬೇರು ಕಾನೂನಿನಲ್ಲಿದೆ. 1957ರ ಗಣಿ ಮತ್ತು ಖನಿಜಗಳ ಕಾಯ್ದೆಯ 15ನೇ ಪ್ರಕರಣ ಉಪಖನಿಜಗಳ ನಿಯಮ ರಚನೆಯನ್ನು ರಾಜ್ಯಗಳಿಗೆ ಬಿಟ್ಟುಕೊಟ್ಟಿದೆ. ಕಟ್ಟಡದ ಕಲ್ಲು, ಗರಸು, ಸಾಮಾನ್ಯ ಮರಳು ಇವೆಲ್ಲ ಉಪಖನಿಜಗಳು. 2015ರ ಫೆಬ್ರವರಿಯಲ್ಲಿ ಇನ್ನೂ 31 ಖನಿಜಗಳು ಆ ಪಟ್ಟಿಗೆ ಸೇರಿದವು. ಕರ್ನಾಟಕದ ನಿಯಮಾವಳಿ 1994ರದು, ಮಹಾರಾಷ್ಟ್ರದ್ದು 2013ರದು. ಎರಡು ಪುಸ್ತಕ, ಎರಡು ಬಾಗಿಲು. ತನ್ನ ಕಲ್ಲಿನ ಮೇಲೆ ರಾಜ್ಯಕ್ಕೆ ಅಧಿಕಾರವಿರುವುದನ್ನು ನಾವು ಆಕ್ಷೇಪಿಸುವುದಿಲ್ಲ. ಕಲ್ಲಿನ ಮೇಲಿನ ಅಧಿಕಾರ ಕಲ್ಲನ್ನು ಅರಿತವನ ವಿದ್ಯೆಯ ಮೇಲೂ ಚಲಾವಣೆಯಾಗಬೇಕೆ ಎಂಬುದಷ್ಟೇ ನಮ್ಮ ಪ್ರಶ್ನೆ.

ಸ್ಥಳೀಯ ತಿಳಿವಳಿಕೆ ಬೇಡವೇ ಎಂದು ಕೇಳುವವರಿದ್ದಾರೆ. ಬೇಕು, ಖಂಡಿತ ಬೇಕು. ಈ ಊರಿಗೆ ಹತ್ತಿರದ ಎಲ್ಲೋರದಲ್ಲೇ ಅದಕ್ಕೆ ದೃಷ್ಟಾಂತವಿದೆ. ರಾಷ್ಟ್ರಕೂಟ ಒಂದನೆಯ ಕೃಷ್ಣನ ಕಾಲದ ಕೈಲಾಸನಾಥ ದೇಗುಲಕ್ಕೂ ಪಟ್ಟದಕಲ್ಲಿನ ವಿರೂಪಾಕ್ಷ ದೇಗುಲಕ್ಕೂ ಇರುವ ಹೋಲಿಕೆಯನ್ನು ವಿದ್ವಾಂಸರು ಬಹಳ ಹಿಂದೆಯೇ ಗುರುತಿಸಿದ್ದಾರೆ. ಪಟ್ಟದಕಲ್ಲಿನದು ಮಲಪ್ರಭೆಯ ದಡದ ಮರಳುಗಲ್ಲು, ಕೆಳಗಿನಿಂದ ಮೇಲಕ್ಕೆ ಕಟ್ಟಿದ್ದು. ಎಲ್ಲೋರದ್ದು ಬಸಾಲ್ಟ್, ಬೆಟ್ಟವನ್ನೇ ಮೇಲಿನಿಂದ ಕೆಳಕ್ಕೆ ಕಡಿದದ್ದು. ಕಲ್ಪನೆ ಮಲಪ್ರಭೆಯಿಂದ ಇಲ್ಲಿಯವರೆಗೆ ನಡೆದುಬಂತು. ಉಳಿ ಮಾತ್ರ ಹೊಸ ಕಲ್ಲಿನ ಗುಣವನ್ನು ಹೊಸದಾಗಿ ಕಲಿಯಬೇಕಾಯಿತು. ಹೊರಗಿನಿಂದ ಬಂದವನಿಗೆ ಈ ನೆಲದ ಪಾಠ ಹೇಳಿಕೊಡಿ, ಈ ರಾಜ್ಯದ ನಿಯಮಗಳಲ್ಲಿ ಪರೀಕ್ಷೆಯನ್ನೂ ಮಾಡಿ. ಅವನು ಓದಿದ್ದು, ದುಡಿದದ್ದು ಎಲ್ಲವನ್ನೂ ಮೊದಲಿನಿಂದ ರುಜುವಾತು ಮಾಡಿಸಬೇಡಿ.

ಈ ಕಥೆಗೆ ಇದಕ್ಕಿಂತ ಕಹಿಯಾದ ಇನ್ನೊಂದು ಮಗ್ಗುಲಿದೆ. ನಮ್ಮ ಕಚೇರಿಯ ಸಹೋದ್ಯೋಗಿಯೊಬ್ಬರ ಅಣ್ಣನವರು ವೈಜಾಪುರ ತಾಲೂಕಿನ ರೈತರು. ಸಾಲ ಮಾಡಿ ಎರಡು ಕೊಳವೆಬಾವಿ ಕೊರೆಸಿದರು. ಮೊದಲನೆಯದಕ್ಕೆ ಜಾಗ ತೋರಿಸಿದವನು ಊರಿನ ಪಾಣಾಡ್ಯಾ, ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ನೀರು ನೋಡುವವನು. ಎರಡನೆಯದಕ್ಕೆ ಯಂತ್ರ ಹಿಡಿದು ಬಂದವನೊಬ್ಬ ತನ್ನನ್ನು ಭೂವಿಜ್ಞಾನಿಯೆಂದೇ ಕರೆದುಕೊಂಡ. ಎರಡರಲ್ಲೂ ಬಂದದ್ದು ಧೂಳು. ಯಂತ್ರದವನ ಫೋನು ಮಾರನೆಯ ದಿನದಿಂದ ಬಂದ್. ಯಾರಿಗೆ ದೂರು ಕೊಡುವುದು? ಅವನ ಹೆಸರನ್ನು ಯಾವ ಪಟ್ಟಿಯಿಂದ ತೆಗೆಸುವುದು? ಅಂಥ ಪಟ್ಟಿಯೇ ಇಲ್ಲ. ವಕೀಲರಿಗೆ, ವಾಸ್ತುಶಿಲ್ಪಿಗಳಿಗೆ ಇರುವಂಥ ಶಾಸನಬದ್ಧ ಪರಿಷತ್ತು ನಮ್ಮ ದೇಶದ ಭೂವಿಜ್ಞಾನಿಗಳಿಗಿಲ್ಲ.

ಹೀಗೆ, ಕಾಗದ ಕೇಳುವ ಕಡೆ ಬಲ್ಲವನು ಗಡಿಯಲ್ಲಿ ನಿಲ್ಲುತ್ತಾನೆ. ಕಾಗದ ಕೇಳಲೇಬೇಕಾದ ಕಡೆ ಯಾರು ಬೇಕಾದರೂ ಹೊಲಕ್ಕೆ ನುಗ್ಗುತ್ತಾರೆ. ಎರಡೂ ಒಂದೇ ಕೊರತೆಯ ಎರಡು ಮುಖಗಳೆಂಬುದು ನಮ್ಮ ಅಭಿಪ್ರಾಯ.

ಇದಕ್ಕೆ ದಾರಿ ಇಲ್ಲವೆಂದಲ್ಲ. 1972ರ ವಾಸ್ತುಶಿಲ್ಪಿಗಳ ಕಾಯ್ದೆ ಇಡೀ ದೇಶಕ್ಕೆ ಒಂದೇ ನೋಂದಣಿಯನ್ನು ತಂದಿತು. 1961ರ ವಕೀಲರ ಕಾಯ್ದೆಯ 18ನೇ ಪ್ರಕರಣ ಒಂದು ರಾಜ್ಯದ ವಕೀಲರ ಪಟ್ಟಿಯಿಂದ ಇನ್ನೊಂದು ರಾಜ್ಯದ ಪಟ್ಟಿಗೆ ಹೆಸರು ವರ್ಗಾಯಿಸಲು ಅವಕಾಶ ಕೊಟ್ಟಿದೆ. ಕೆನಡಾದ ಉದಾಹರಣೆ ಇನ್ನೂ ಹತ್ತಿರದ್ದು. 1997ರಲ್ಲಿ ಬ್ರೆ-ಎಕ್ಸ್ ಎಂಬ ಅಲ್ಲಿನ ಕಂಪನಿ ಇಂಡೋನೇಷ್ಯಾದಲ್ಲಿ ಕಂಡುಹಿಡಿದೆನೆಂದ ಚಿನ್ನ ಬರೀ ಸುಳ್ಳೆಂದು ಬಯಲಾಗಿ ಹೂಡಿಕೆದಾರರು ಮುಳುಗಿದರು. 2001ರಿಂದ ಅಲ್ಲಿ ಖನಿಜ ವರದಿಗಳಿಗೆ ಅರ್ಹ ವೃತ್ತಿಪರರೊಬ್ಬರು ಹೊಣೆ ಹೊರುವುದು ಕಡ್ಡಾಯವಾಯಿತು. ಭೂವಿಜ್ಞಾನಿಗೆ ಪರವಾನಗಿ ಕೊಡುವುದು ಅಲ್ಲಿಯೂ ಪ್ರಾಂತ್ಯಗಳೇ. ಆದರೆ ಒಂದು ಪ್ರಾಂತ್ಯ ಒಪ್ಪಿದ ವೃತ್ತಿಪರರ ಅರ್ಹತೆಯನ್ನು ಇನ್ನೊಂದು ಪ್ರಾಂತ್ಯ ಮತ್ತೆ ಕೆದಕಬಾರದೆಂಬುದು ಅವುಗಳ ನಡುವಿನ ಒಪ್ಪಂದದ ಸಾಮಾನ್ಯ ತತ್ವ. ಆಲ್ಬರ್ಟಾದವರು ಬ್ರಿಟಿಷ್ ಕೊಲಂಬಿಯಾದಲ್ಲಿ ಅರ್ಜಿ ಹಾಕಲೇಬೇಕು, ಹೊಸದಾಗಿ ಭೂವಿಜ್ಞಾನಿಯಾಗಬೇಕಿಲ್ಲ.

ನಮಗೂ ಅಂಥದೊಂದು ಕಾಯ್ದೆ ಬೇಕು. ದೇಶಕ್ಕೆಲ್ಲ ಒಂದು ನೋಂದಣಿ, ರಾಜ್ಯಕ್ಕೊಂದು ಚಿಕ್ಕ ಪೂರಕ ಪರೀಕ್ಷೆ, ಹೊಣೆಗೇಡಿತನಕ್ಕೆ ಶಿಕ್ಷೆ. ಶಿಕ್ಷೆಯ ದಾಖಲೆಯೂ ನೋಂದಣಿಯ ಜೊತೆಗೇ ಪಯಣಿಸಬೇಕು; ನಾಸಿಕದಲ್ಲಿ ಮೋಸ ಮಾಡಿದವನು ಬೆಳಗಾವಿಯಲ್ಲಿ ಹೊಸ ಫಲಕ ತೂಗುಹಾಕುವಂತಿರಬಾರದು. ಇದರಿಂದ ಬಡ ರೈತನಿಗೆ ಸಲಹೆ ದುಬಾರಿಯಾದೀತೆಂಬ ಆತಂಕ ಸುಳ್ಳಲ್ಲ. ಆದರೆ ಎರಡು ಬರಡು ಬಾವಿಗಳಿಗಿಂತ ದುಬಾರಿಯಾದ ಸಲಹೆ ಯಾವುದು?

ಕಳೆದ ಬೇಸಿಗೆಯ ಒಂದು ಭಾನುವಾರ ಮಿತ್ರರನ್ನು ವೈಜಾಪುರದ ಆ ಹೊಲಕ್ಕೆ ಕರೆದೊಯ್ದೆವು. ಅವರು ಹಳೆಯ ತೆರೆದ ಬಾವಿಗೆ ಇಳಿದು ಪದರಗಳನ್ನು ಮುಟ್ಟಿ ನೋಡಿದರು. ಇಲ್ಲಿ ನೀರು ನಿಲ್ಲುವುದು ಸವೆದು ಸಡಿಲಾದ ಮೇಲ್ಪದರದಲ್ಲಿ, ಗುಳ್ಳೆಗುಳ್ಳೆಯಾದ ಕಲ್ಲಿನಲ್ಲಿ. ಕೆಳಗಿನ ಗಟ್ಟಿ ಬಂಡೆಯನ್ನು ಎಷ್ಟು ಕೊರೆದರೂ ಫಲ ಕಡಿಮೆ ಎಂದರು. ಮೂರನೆಯ ಬೋರ್ ಬೇಡ, ಈ ಬಾವಿಯ ಹೂಳು ತೆಗೆಸಿ, ಮಳೆಯ ನೀರು ಇದರತ್ತ ಇಂಗುವಂತೆ ಬದು ಹಾಕಿಸಿ ಎಂದು ತಿಳಿಸಿ, ಹಣವನ್ನೂ ಮುಟ್ಟದೆ ಹಿಂತಿರುಗಿದರು. ಅಣ್ಣನವರು ಮೂರನೆಯ ಸಾಲದ ಅರ್ಜಿಯನ್ನು ಹಿಂದಕ್ಕೆ ಪಡೆದರು. ಆ ಸಲಹೆ ಕೊಟ್ಟವರ ಹೆಸರು ಈ ರಾಜ್ಯದ ಯಾವ ಪಟ್ಟಿಯಲ್ಲೂ ಇನ್ನೂ ಸೇರಿಲ್ಲ.