ಮತ ಎಣಿಸಿ ಆರಿಸಿದ ಚಾಂಪಿಯನ್

ಅಮೆರಿಕದ ವಿಶ್ವವಿದ್ಯಾಲಯದಲ್ಲಿ ಸೆಮಿಸ್ಟರಿನ ಮೊದಲ ದಿನ. ಪ್ರಾಧ್ಯಾಪಕರು ಒಳಗೆ ಬರುತ್ತಾರೆ, ಯಾರೂ ಎದ್ದು ನಿಲ್ಲುವುದಿಲ್ಲ. ಒಬ್ಬ ಕಾಫಿ ಹೀರುತ್ತಿರುತ್ತಾನೆ, ಇನ್ನೊಬ್ಬ ತಲೆಯ ಮೇಲಿನ ಟೋಪಿಯನ್ನೂ ತೆಗೆದಿರುವುದಿಲ್ಲ. ನಮ್ಮ ಕಡೆಯಿಂದ ಹೋದ ಹುಡುಗ ಅಭ್ಯಾಸಬಲದಿಂದ ಅರ್ಧ ಎದ್ದು, ಅಕ್ಕಪಕ್ಕ ನೋಡಿ ಮೆಲ್ಲಗೆ ಕೂತುಕೊಳ್ಳುತ್ತಾನೆ. ಆ ವಾರ ಮನೆಗೆ ಫೋನ್ ಮಾಡಿದಾಗ ಅಮ್ಮನಿಗೆ ಹೇಳುವ ಮೊದಲ ಸುದ್ದಿ ಇದೇ.

ಆದರೆ ಗಮನಿಸಬೇಕಾದದ್ದು ಟೋಪಿಯನ್ನಲ್ಲ, ಅಂದು ಕೈಗೆ ಬರುವ ಒಂದೆರಡು ಹಾಳೆಗಳನ್ನು. ಅಲ್ಲಿ ಅದನ್ನು ಸಿಲೆಬಸ್ ಎನ್ನುತ್ತಾರೆ. ನಮ್ಮಲ್ಲಿ ಸಿಲೆಬಸ್ ಎಂದರೆ ಪಾಠಗಳ ಪಟ್ಟಿ. ಅಲ್ಲಿ ಅದು ಹೆಚ್ಚುಕಡಿಮೆ ಕರಾರುಪತ್ರ. ಮನೆಗೆಲಸಕ್ಕೆ ನೂರರಲ್ಲಿ ಎಷ್ಟು, ಮಧ್ಯದ ಪರೀಕ್ಷೆಗೆ ಎಷ್ಟು, ಕೊನೆಯದಕ್ಕೆ ಎಷ್ಟು, ತಡವಾಗಿ ಕೊಟ್ಟರೆ ಎಷ್ಟು ಕಡಿತ, ಎಷ್ಟು ಬಂದರೆ ‘ಎ’, ಎಷ್ಟಕ್ಕೆ ‘ಬಿ’, ಪ್ರಾಧ್ಯಾಪಕರು ತಮ್ಮ ಕೊಠಡಿಯಲ್ಲಿ ಯಾವ ದಿನ ಯಾವ ಗಂಟೆಗೆ ಸಿಗುತ್ತಾರೆ, ಎಲ್ಲವೂ ಅದರಲ್ಲಿರುತ್ತದೆ. ಅಂಕ ಕಡಿಮೆ ಬಂತೆಂದು ಅನ್ನಿಸಿದವನು ಉತ್ತರಪತ್ರಿಕೆ ಹಿಡಿದು ಆ ಕೊಠಡಿಗೆ ಹೋಗಿ ಕೇಳಬಹುದು. ಅದು ಉದ್ಧಟತನವಲ್ಲ. ಹಾಗೆ ಕೇಳಲಿಕ್ಕೆಂದೇ ಆ ಗಂಟೆಗಳನ್ನು ಬಿಟ್ಟಿರುವುದು. ಸಂಕೋಚದಿಂದ ಹೋಗದೇ ಇರುವವರು ಸಾಮಾನ್ಯವಾಗಿ ನಮ್ಮವರೇ.

ಕರಾರಿಗೆ ಇನ್ನೊಂದು ಮುಖವೂ ಇದೆ. ಗೆಳೆಯನ ಮನೆಗೆಲಸ ನೋಡಿ ಬರೆಯುವುದು, ಪುಸ್ತಕದ ಸಾಲುಗಳನ್ನು ಹೆಸರು ಹೇಳದೆ ಎತ್ತಿಕೊಳ್ಳುವುದು ನಮ್ಮಲ್ಲಿ ಬೈಗುಳದಲ್ಲಿ ಮುಗಿಯುವ ತಪ್ಪು. ಅಲ್ಲಿ ಅದು ವಿಚಾರಣೆಯ ತನಕ ಹೋಗುತ್ತದೆ. ಪ್ರಿನ್ಸ್‌ಟನ್ನಿನಲ್ಲಿ 1893ರಲ್ಲಿ ವಿದ್ಯಾರ್ಥಿಗಳೇ ಕೇಳಿ ಪಡೆದ ಏರ್ಪಾಡಿನ ಪ್ರಕಾರ ಪರೀಕ್ಷೆಯ ಕೋಣೆಯಲ್ಲಿ ಮೇಲ್ವಿಚಾರಕರು ನಿಲ್ಲುತ್ತಿರಲಿಲ್ಲ. ನಕಲು ಮಾಡಿಲ್ಲವೆಂದು ಬರೆದು ಸಹಿ ಹಾಕುವುದೇ ಕಾವಲು. ಇನ್ನು ತಂದೆತಾಯಿಗಳಿಗೆ ತಿಳಿದಿರಬೇಕಾದ ಸಂಗತಿಯೊಂದು: 1974ರ ಒಂದು ಕಾನೂನಿನಂತೆ ಕಾಲೇಜು ಸೇರಿದ ಮೇಲೆ ಅಂಕಪಟ್ಟಿಯ ಮೇಲಿನ ಹಕ್ಕು ವಿದ್ಯಾರ್ಥಿಯದು. ಫೀಜು ಕಟ್ಟಿದವರು ನಾವು ಎಂದು ಬೆಂಗಳೂರಿನಿಂದ ಫೋನ್ ಮಾಡಿ ಕೇಳಿದರೂ, ಮಗನ ಒಪ್ಪಿಗೆಯಿಲ್ಲದೆ ಕಚೇರಿಯವರು ಸಾಮಾನ್ಯವಾಗಿ ಬಾಯಿ ಬಿಡುವುದಿಲ್ಲ.

ಇಷ್ಟು ಅಚ್ಚುಕಟ್ಟಾಗಿ ಅಳೆದು ಅಂಕ ಕೊಡುವ ಈ ವಿದ್ಯಾಲಯಗಳು ತಮ್ಮ ಫುಟ್ಬಾಲ್ ಚಾಂಪಿಯನ್ನನನ್ನು ಮಾತ್ರ ಬಹುಕಾಲ ಮತ ಎಣಿಸಿ ಆರಿಸುತ್ತಿದ್ದವು ಎಂದರೆ ನಂಬುವುದು ಕಷ್ಟ. (ಫುಟ್ಬಾಲ್ ಎಂದರೆ ಅಲ್ಲಿಯದು. ಮೊಟ್ಟೆಯಾಕಾರದ ಚೆಂಡನ್ನು ಹೆಚ್ಚಾಗಿ ಕೈಯಲ್ಲೇ ಹಿಡಿದು ಓಡುವ ಆಟಕ್ಕೆ ಆ ಹೆಸರೇಕೆಂದು ಕೇಳಬಾರದು.) 1869ರ ನವೆಂಬರ್ 6ರಂದು ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳ ನಡುವೆ ಶುರುವಾದ ಈ ಆಟ ಇಂದು ಎಂಥ ಉತ್ಸವವಾಗಿದೆಯೆಂದರೆ ಮಿಷಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಕೂರುತ್ತಾರೆ. ಆದರೂ ಅತ್ಯುನ್ನತ ಹಂತದ ಈ ಆಟಕ್ಕೆ ಬಹಳ ಕಾಲ ಫೈನಲ್ ಪಂದ್ಯವೇ ಇರಲಿಲ್ಲ. ತಂಡಗಳು ನೂರಕ್ಕೂ ಹೆಚ್ಚು, ತಂಡವೊಂದಕ್ಕೆ ಪಂದ್ಯಗಳು ಹನ್ನೊಂದೋ ಹನ್ನೆರಡೋ. ಬಹುಪಾಲು ತಂಡಗಳು ಪರಸ್ಪರ ಮುಖವನ್ನೇ ನೋಡುವುದಿಲ್ಲ. ಹೊಸ ವರ್ಷದ ಹೊತ್ತಿಗೆ ‘ಬೌಲ್’ ಎಂಬ ಜಾತ್ರೆಯಂಥ ಪಂದ್ಯಗಳು ನಡೆಯುತ್ತವೆ. ಯಾವ ವಲಯದ ತಂಡ ಯಾವ ಬೌಲಿಗೆ ಹೋಗಬೇಕೆಂಬುದು ಹಳೆಯ ಒಪ್ಪಂದಗಳಲ್ಲಿ ಗಂಟುಬಿದ್ದಿತ್ತು. ಆದ್ದರಿಂದ ಮೊದಲನೆಯವನೂ ಎರಡನೆಯವನೂ ಎದುರಾಗುವ ಖಾತರಿಯಿರಲಿಲ್ಲ. 1936ರಿಂದ ಅಸೋಸಿಯೇಟೆಡ್ ಪ್ರೆಸ್ ಸಂಸ್ಥೆ ಕ್ರೀಡಾ ವರದಿಗಾರರ ಮತ ಕೇಳಿ ಪಟ್ಟಿ ಪ್ರಕಟಿಸಿತು. 1950ರಿಂದ ತರಬೇತುದಾರರ ಮತದ ಇನ್ನೊಂದು ಪಟ್ಟಿ ಬಂತು. ಎರಡೂ ಒಂದೇ ಹೆಸರು ಹೇಳಿದರೆ ಸರಿ. ಹೇಳದಿದ್ದರೆ ಆ ವರ್ಷ ಇಬ್ಬರು ಚಾಂಪಿಯನ್ನರು.

1997ರಲ್ಲಿ ಹಾಗೇ ಆಯಿತು. ಮಿಷಿಗನ್ ಹನ್ನೆರಡಕ್ಕೆ ಹನ್ನೆರಡೂ ಗೆದ್ದಿತು, ನೆಬ್ರಾಸ್ಕ ಹದಿಮೂರಕ್ಕೆ ಹದಿಮೂರೂ. ಒಂದು ರೋಸ್ ಬೌಲಿಗೆ ಹೋಯಿತು, ಇನ್ನೊಂದು ಆರೆಂಜ್ ಬೌಲಿಗೆ. ವರದಿಗಾರರು ಮಿಷಿಗನ್ ಎಂದರು, ತರಬೇತುದಾರರು ನೆಬ್ರಾಸ್ಕ ಎಂದರು. ಎರಡೂ ತಂಡದವರು ಇಂದಿಗೂ ತಮ್ಮದೇ ಸರಿ ಎನ್ನುತ್ತಾರೆ. ಪಂದ್ಯವೇ ಆಡದ ಮೇಲೆ ತಪ್ಪೆಂದು ಯಾರು ಹೇಳಬೇಕು?

ಈ ಗೊಂದಲ ಬಿಡಿಸಲು 1998ರಲ್ಲಿ ಬಿ.ಸಿ.ಎಸ್. ಎಂಬ ವ್ಯವಸ್ಥೆ ಬಂತು. ಮತಗಳ ಜೊತೆಗೆ ಕಂಪ್ಯೂಟರ್ ಲೆಕ್ಕವನ್ನೂ ಸೇರಿಸಿ ಮೊದಲ ಎರಡು ತಂಡಗಳನ್ನು ಆರಿಸಿ ಆಡಿಸುವುದು. ವಿದ್ಯಾರ್ಥಿಗಳು ಕಿವಿ ನಿಮಿರಿಸಬೇಕಾದ ಭಾಗ ಇಲ್ಲಿದೆ. ಆ ಲೆಕ್ಕಗಳಲ್ಲೊಂದು ಹುಟ್ಟಿದ್ದು ತರಗತಿಯಲ್ಲಿ. ವರ್ಜೀನಿಯಾದ ಬ್ಲೂಫೀಲ್ಡ್ ಎಂಬ ಸಣ್ಣ ಕಾಲೇಜಿನಲ್ಲಿ ಗಣಿತ ಓದುತ್ತಿದ್ದ ಕೆನೆತ್ ಮ್ಯಾಸಿ 1997ರಲ್ಲಿ ತಮ್ಮ ಆನರ್ಸ್ ಪ್ರಬಂಧಕ್ಕೆ ಆರಿಸಿಕೊಂಡ ವಿಷಯ ತಂಡಗಳ ಶ್ರೇಯಾಂಕ. ಎರಡೇ ವರ್ಷದಲ್ಲಿ ಅವರ ಲೆಕ್ಕ ಬಿ.ಸಿ.ಎಸ್.ನಲ್ಲಿ ಸೇರಿತ್ತು.

ಇನ್ನೊಂದು ಲೆಕ್ಕ ಖಭೌತ ವಿಜ್ಞಾನಿ ವೆಸ್ಲಿ ಕಾಲಿಯವರದು. ದ್ವಿತೀಯ ಪಿಯುಸಿಯಲ್ಲಿ ಮ್ಯಾಟ್ರಿಕ್ಸ್ ಕಲಿತವರಿಗೆ ಇದು ನಿಲುಕದ್ದೇನಲ್ಲ. ಗೆಲುವಿಗೆ ಒಂದು ಕೂಡಿಸಿ, ಆಡಿದ ಪಂದ್ಯಗಳಿಗೆ ಎರಡು ಕೂಡಿಸಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಒಂದೂ ಪಂದ್ಯ ಆಡದ ತಂಡಕ್ಕೆ ಅರ್ಧ, ಒಂದು ಗೆದ್ದವನಿಗೆ ಮೂರರಲ್ಲಿ ಎರಡು ಪಾಲು, ಸೋತವನಿಗೆ ಒಂದು ಪಾಲು. ಆಮೇಲೆ ಎದುರಾಳಿ ಎಷ್ಟು ಬಲಿಷ್ಠ ಎಂಬುದನ್ನು ಸೇರಿಸಬೇಕು. ಆದರೆ ಎದುರಾಳಿಯ ಬಲ ಅವನ ಎದುರಾಳಿಗಳ ಮೇಲೆ ನಿಂತಿದೆ, ಅವರದು ಇನ್ನೊಬ್ಬರ ಮೇಲೆ. ಹೀಗೆ ನೂರಾರು ಸಮೀಕರಣಗಳನ್ನು ಒಟ್ಟಿಗೆ ಬಿಡಿಸಬೇಕಾಗುತ್ತದೆ. ಎಷ್ಟು ಅಂತರದಿಂದ ಗೆದ್ದರೆಂಬುದು ಇವರ ಲೆಕ್ಕದಲ್ಲಿ ಬರುವುದೇ ಇಲ್ಲ. 2002ರಿಂದ ಉಳಿದ ಕಂಪ್ಯೂಟರುಗಳೂ ಅಂತರವನ್ನು ಬಿಡಬೇಕಾಯಿತು. ಅಂತರಕ್ಕೆ ಬೆಲೆ ಇದೆಯೆಂದು ಗೊತ್ತಾದರೆ ಸೋತು ಸುಣ್ಣವಾದ ತಂಡವನ್ನು ಇನ್ನಷ್ಟು ಚಚ್ಚುವ ಆಸೆ ಹುಟ್ಟುತ್ತದೆ ಎಂಬ ಆಕ್ಷೇಪವಿತ್ತು. ಪರೀಕ್ಷೆಯಲ್ಲಿ ಬರುವುದನ್ನಷ್ಟೇ ಓದುವ ಮಕ್ಕಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಕಂಪ್ಯೂಟರುಗಳು ಆರಿದ್ದವು. ಲೆಕ್ಕದ ಕ್ರಮವನ್ನು ಪೂರ್ತಿಯಾಗಿ ಪ್ರಕಟಿಸಿದ್ದವರು ಕಾಲಿ ಒಬ್ಬರೇ. 2010ರ ಡಿಸೆಂಬರಿನಲ್ಲಿ ಹೊರಗಿನವರೊಬ್ಬರು ಆ ಲೆಕ್ಕವನ್ನು ತಾವೇ ಮಾಡಿ ನೋಡಿದಾಗ, ಕೆಳಹಂತದ ಒಂದು ಪಂದ್ಯದ ಫಲಿತಾಂಶ ಬಿಟ್ಟುಹೋಗಿರುವುದು ಸಿಕ್ಕಿತು. ಸರಿಪಡಿಸಿದಾಗ ಹತ್ತನೆಯ ಮತ್ತು ಹನ್ನೊಂದನೆಯ ಸ್ಥಾನಗಳು ಅದಲುಬದಲಾದವು. ತಪ್ಪಾಯಿತಲ್ಲ ಎಂದು ಕೆಲವರು ನಕ್ಕರು. ನಗಬೇಕಾದದ್ದು ಬೇರೆ ಕಡೆ: ಉಳಿದ ಐದರಲ್ಲಿ ತಪ್ಪಿದ್ದರೂ ಹುಡುಕುವ ದಾರಿ ಹೊರಗಿನವರಿಗೆ ಇರಲಿಲ್ಲ. ಉತ್ತರಪತ್ರಿಕೆ ತೋರಿಸುವ ಮೇಷ್ಟರ ತಪ್ಪು ಮಾತ್ರ ಸಿಕ್ಕಿಬೀಳುವುದು.

2014ರ ಋತುವಿನಿಂದ ಬಿ.ಸಿ.ಎಸ್. ಹೋಗಿ ನಾಲ್ಕು ತಂಡಗಳ ಪ್ಲೇಆಫ್ ಬಂತು. ನಾಲ್ವರನ್ನು ಆರಿಸಲು ಹದಿಮೂರು ಜನರ ಸಮಿತಿ. ಸಮಿತಿಯ ಮಾನದಂಡಗಳಲ್ಲಿ ಮುಖ್ಯ ಆಟಗಾರರು ಆಡಲಾಗದ ಸ್ಥಿತಿಯಲ್ಲಿದ್ದರೆ ಅದನ್ನೂ ಪರಿಗಣಿಸಬಹುದು ಎಂಬ ಮಾತಿತ್ತು. ಎಷ್ಟು ಪರಿಗಣಿಸಬೇಕು? ಸಂಖ್ಯೆ ಇರಲಿಲ್ಲ. 2023ರಲ್ಲಿ ಫ್ಲಾರಿಡಾ ಸ್ಟೇಟ್ ಹದಿಮೂರೂ ಪಂದ್ಯ ಗೆದ್ದು ತನ್ನ ವಲಯದ ಚಾಂಪಿಯನ್ ಆಗಿತ್ತು. ನವೆಂಬರಿನಲ್ಲಿ ಅದರ ಮುಖ್ಯ ಆಟಗಾರ, ಕ್ವಾರ್ಟರ್‌ಬ್ಯಾಕ್, ಕಾಲಿಗೆ ಪೆಟ್ಟಾಗಿ ಹೊರಗುಳಿದಿದ್ದ. ಅವನಿಲ್ಲದೆಯೂ ತಂಡ ಗೆದ್ದಿತ್ತು. ಸಮಿತಿ ಆ ತಂಡವನ್ನು ಬಿಟ್ಟು, ಒಂದು ಪಂದ್ಯ ಸೋತಿದ್ದ ಅಲಬಾಮವನ್ನು ಸೇರಿಸಿಕೊಂಡಿತು. ಮನಸ್ಸು ಮುರಿದ ಆ ತಂಡದಿಂದ ಅನೇಕರು ಆರೆಂಜ್ ಬೌಲಿನಲ್ಲಿ ಆಡಲಿಲ್ಲ. ಜಾರ್ಜಿಯಾ ವಿರುದ್ಧ 63–3ರಿಂದ ಸೋತಿತು. ಸಮಿತಿ ಸರಿಯೆಂದವರು ಈ ಅಂಕವನ್ನೇ ತೋರಿಸಿದರು. ಕೊಟ್ಟ ಪ್ರಶ್ನೆಗಳಿಗೆಲ್ಲ ಸರಿ ಉತ್ತರ ಬರೆದವನನ್ನು, ಮುಂದಿನ ಪರೀಕ್ಷೆಯಲ್ಲಿ ತಡವರಿಸಬಹುದೆಂದು ಈಗಲೇ ಕೆಳಗಿಳಿಸಿದಂತೆ ಇದು. ಯಾವ ಸಿಲೆಬಸ್ಸಿನಲ್ಲೂ ಇಂಥ ನಿಯಮ ಹಾಕಿ ಪ್ರಾಧ್ಯಾಪಕರು ದಕ್ಕಿಸಿಕೊಳ್ಳಲಾರರು.

ಮರುವರ್ಷ, ಅಂದರೆ 2024ರಲ್ಲಿ, ಪ್ಲೇಆಫ್ ಹನ್ನೆರಡು ತಂಡಗಳಿಗೆ ಹಿಗ್ಗಿತು. ಅದು ಮೊದಲೇ ಆದ ತೀರ್ಮಾನ, ಫ್ಲಾರಿಡಾ ಸ್ಟೇಟ್ ಒಂದು ವರ್ಷ ಮುಂಚೆ ಗೆದ್ದದ್ದೇ ತಪ್ಪಾಯಿತು. ಹೊಸ ಪದ್ಧತಿಯ ಮೊದಲ ಪ್ಲೇಆಫ್‌ಗೆ ಸೋಲಿಲ್ಲದೆ ಬಂದ ಆರೆಗಾನ್ ತಾನಾಡಿದ ಮೊದಲ ಪಂದ್ಯದಲ್ಲೇ ಓಹಿಯೋ ಸ್ಟೇಟ್‌ಗೆ ಸೋತು ಮನೆಗೆ ಹೋಯಿತು. ಎರಡು ಪಂದ್ಯ ಸೋತು ಬಂದಿದ್ದ ಓಹಿಯೋ ಸ್ಟೇಟ್ 2025ರ ಜನವರಿ 20ರಂದು ನಾಟರ್ ಡೇಮ್ ತಂಡವನ್ನು 34–23ರಿಂದ ಮಣಿಸಿ ಚಾಂಪಿಯನ್ ಆಯಿತು. ಆ ಎರಡು ಸೋಲುಗಳಲ್ಲಿ ಒಂದು ಆರೆಗಾನ್ ಕೈಯಲ್ಲೇ ಆದದ್ದು. ಇನ್ನೊಂದರಲ್ಲಿ, ನವೆಂಬರ್ 30ರಂದು, ಅದನ್ನು ಅದರ ಮೈದಾನದಲ್ಲೇ 13–10ರಿಂದ ಸೋಲಿಸಿದ್ದು ಮಿಷಿಗನ್. ಹನ್ನೆರಡರ ಪಟ್ಟಿಯಲ್ಲಿ ಮಿಷಿಗನ್ ಇರಲಿಲ್ಲ.