ಊರಿನ ಪೊಲೀಸರು ಕಾಲೇಜಿಗೆ ಬಂದದ್ದು

ಮಕ್ಕಳೇ, ಒಂದು ಕಾಲೇಜಿಗೆ ಅದರದ್ದೇ ಪೊಲೀಸ್ ಪಡೆ ಇರುತ್ತದೆ ಅಂದರೆ ನಂಬುತ್ತೀರಾ? ನಮ್ಮಲ್ಲಿ ಕಾಲೇಜಿನ ಗೇಟಿನಲ್ಲಿ ವಾಚ್‌ಮನ್ ಇರುತ್ತಾರೆ. ದೊಡ್ಡ ಗಲಾಟೆಯಾದರೆ ಠಾಣೆಗೆ ಫೋನು ಹೋಗುತ್ತದೆ. ಅಮೆರಿಕದ ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಸಮವಸ್ತ್ರ ತೊಟ್ಟ, ಬಂಧಿಸುವ ಅಧಿಕಾರವೂ ಇರುವ ಪೊಲೀಸರು ಕ್ಯಾಂಪಸ್ಸಿನಲ್ಲೇ ಇರುತ್ತಾರೆ. ಮೊಮ್ಮಕ್ಕಳನ್ನು ಅಲ್ಲಿಗೆ ಓದಲು ಕಳಿಸಿರುವ ಅಜ್ಜ-ಅಜ್ಜಿಯರೂ ಇದನ್ನು ತಿಳಿದಿರುವುದು ಒಳ್ಳೆಯದು.

ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್ ಊರಿನಲ್ಲಿ ಯೇಲ್ ವಿಶ್ವವಿದ್ಯಾಲಯವಿದೆ. ನೂರಮೂವತ್ತು ವರ್ಷಗಳ ಹಿಂದೆ ಅಲ್ಲಿ ಊರಿನವರಿಗೂ ವಿದ್ಯಾರ್ಥಿಗಳಿಗೂ ಎಣ್ಣೆ-ಸೀಗೇಕಾಯಿ. ಪೊಲೀಸರನ್ನು ಕಂಡರೂ ವಿದ್ಯಾರ್ಥಿಗಳಿಗೆ ಆಗುತ್ತಿರಲಿಲ್ಲ. 1894ರಲ್ಲಿ ಊರಿನ ಇಬ್ಬರು ಪೊಲೀಸರನ್ನು, ವಿಲಿಯಂ ವೈಸರ್ ಮತ್ತು ಜೇಮ್ಸ್ ಡೊನೆಲಿ ಎಂಬುವರನ್ನು, ಕಾಲೇಜಿಗೆಂದೇ ನೇಮಿಸಿದರು. ಅವರಿಗೆ ಕೊಟ್ಟ ಕೆಲಸ ವಿದ್ಯಾರ್ಥಿಗಳನ್ನು ಹಿಡಿಯುವುದಲ್ಲ, ಕಾಪಾಡುವುದು. ಮೊದಲು ಅನುಮಾನದಿಂದ ನೋಡಿದ ಹುಡುಗರು ಬರಬರುತ್ತಾ ಅವರನ್ನು ನಂಬಿದರು. ವೈಸರ್ ಮುಂದೆ ಆ ಪಡೆಯ ಮುಖ್ಯಸ್ಥರಾದರು. 1914ರಲ್ಲಿ ತಮ್ಮ ಯೇಲ್ ನೆನಪುಗಳನ್ನು ಪುಸ್ತಕವಾಗಿಯೂ ತಂದರು.

ಅದೇ ದಾರಿಯಲ್ಲಿ ನಮ್ಮ ಕಾಲದಲ್ಲಿ ನಡೆದವರು ಆಂಥನಿ ಕ್ಯಾಂಬೆಲ್. ಯೇಲ್‌ನಲ್ಲೇ ಓದಿ, ನ್ಯೂ ಹೇವನ್ ಪೊಲೀಸ್ ಇಲಾಖೆ ಸೇರಿ, ಅದರ ಮುಖ್ಯಸ್ಥರಾದರು. ಸುಮಾರು ಎರಡು ದಶಕದ ಸೇವೆಯ ನಂತರ 2019ರಲ್ಲಿ ನಿವೃತ್ತರಾಗಿ ಯೇಲ್ ಪಡೆಗೆ ಬಂದರು. 2022ರಲ್ಲಿ ಅದರ ಮುಖ್ಯಸ್ಥರಾದರು.

ದೊಡ್ಡ ಊರು ಕಾದವರಿಗೆ ಒಂದು ಕಾಲೇಜು ಯಾವ ಲೆಕ್ಕ ಅನ್ನಬೇಡಿ. ಊರಿನ ಬೀದಿಯಲ್ಲಿ ಅದೇ ಮನೆ, ಅದೇ ಅಂಗಡಿ, ಅದೇ ಮುಖ. ಕ್ಯಾಂಪಸ್ಸಿನಲ್ಲಿ ವರ್ಷ ವರ್ಷವೂ ಹೊಸಬರು. ಹದಿನೆಂಟು ವರ್ಷದ ಮಗು, ಮೊದಲ ಬಾರಿ ಮನೆ ಬಿಟ್ಟಿದೆ. ಸೈಕಲ್ ಕಳುವಾದರೂ, ರಾತ್ರಿ ಯಾರೋ ಹಿಂಬಾಲಿಸಿದರೂ ಯಾರಿಗೆ ಹೇಳಬೇಕೆಂದು ತಿಳಿಯದು. ಅದಕ್ಕೇ ಅಲ್ಲಲ್ಲಿ ನೀಲಿ ದೀಪದ ಫೋನು ಕಂಬಗಳಿವೆ. ಗುಂಡಿ ಒತ್ತಿದರೆ ಸಹಾಯ ಸಿಗುತ್ತದೆ.

ಇನ್ನೊಂದು ಮಾತು. 1986ರಲ್ಲಿ ಪೆನ್ಸಿಲ್ವೇನಿಯದ ಲೀಹೈ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಜೀನ್ ಕ್ಲೆರಿ ಎಂಬ ಹತ್ತೊಂಬತ್ತರ ಹುಡುಗಿ ದುಷ್ಕರ್ಮಿಯೊಬ್ಬನಿಂದ ಪ್ರಾಣ ಕಳೆದುಕೊಂಡಳು. ಅವಳ ಹೆತ್ತವರು ಹೋರಾಡಿ 1990ರಲ್ಲಿ ಒಂದು ಕಾನೂನು ತಂದರು. ಕೇಂದ್ರ ಸರ್ಕಾರದ ವಿದ್ಯಾರ್ಥಿ ನೆರವು ಪಡೆಯುವ ಕಾಲೇಜುಗಳು ತಮ್ಮಲ್ಲಿ ನಡೆದ ಅಪರಾಧಗಳ ಲೆಕ್ಕವನ್ನು ವರ್ಷಕ್ಕೊಮ್ಮೆ ಪ್ರಕಟಿಸಲೇಬೇಕು. ನಾನು ಬ್ಯಾಂಕಿನಲ್ಲಿ ಲೆಕ್ಕ ಬರೆದವನು. ನಷ್ಟ ಮುಚ್ಚಿಟ್ಟ ಪುಸ್ತಕವನ್ನು ಯಾರೂ ನಂಬುವುದಿಲ್ಲವೆಂದು ಬಲ್ಲೆ. ಮೊಮ್ಮಗಳಿಗೆ ಅಲ್ಲಿ ಸೀಟು ಸಿಕ್ಕರೆ ಫೀಸಿನ ಜೊತೆ ಈ ಲೆಕ್ಕವನ್ನೂ ನೋಡಿ.

ಮಕ್ಕಳೇ, ಈ ವಾರ ನಿಮಗೊಂದು ಕೆಲಸ. ನಿಮ್ಮ ಶಾಲೆಯ ಗೇಟಿನಲ್ಲಿ ನಿಲ್ಲುವವರ ಹೆಸರು ಗೊತ್ತೇ? ನಾಳೆ ನಮಸ್ಕಾರ ಹೇಳಿ, ಕೇಳಿಕೊಂಡು ಬನ್ನಿ. ಕಷ್ಟ ಬಂದಾಗ ಕೂಗಿ ಕರೆಯಲು ಒಂದು ಹೆಸರು ಗೊತ್ತಿರಬೇಕು.